ಪಿಕಳಾರದ ಜಮಾ-ಖರ್ಚು

(ಹಕ್ಕಿಯ ಕೂಗು, ಹಿಂದೆ ಲಾರಿ ಹಾರನ್)

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆ ಈಗಷ್ಟೇ ಒಂದು ಹಕ್ಕಿ ಕಿವಿಯೊಳಗೆ ಮಾತಾಡಿ ಹೋಯಿತು. ಓದ್ತಾ ಇರೋರಿಗೆ ಆ ಭಾಗ್ಯ ಇಲ್ಲ. ಆದ್ರೆ ನೀವು ಶಿವಮೊಗ್ಗ, ಭದ್ರಾವತಿ ಕಡೆಯವರಾದ್ರೆ ಬೆಳಗ್ಗೆ ಕಿಟಕಿ ತೆಗೆದ್ರೆ ಸಾಕು, ಪುಕ್ಕಟೆ ಕೇಳಿಸುತ್ತೆ. ಲಾರಿ ಹಾರನ್‌ಗೆ ಕ್ಷಮೆ ಇರಲಿ. ಭದ್ರಾವತಿ ನ್ಯೂಟೌನ್‌ನಲ್ಲಿ ಮೊಬೈಲ್ ಹಿಡ್ಕೊಂಡು ರೆಕಾರ್ಡ್ ಮಾಡಿದ್ದು, ಸ್ಟುಡಿಯೋ ಅನ್ನೋದು ನಮ್ಮ ಹತ್ರ ಇಲ್ಲ.

ಹಕ್ಕಿ ಯಾವುದು ಅಂದ್ರೆ, ಪಿಕಳಾರ. ಗುಬ್ಬಿಗಿಂತ ದೊಡ್ಡದು, ಮೈನಾಗಿಂತ ತೆಳ್ಳಗೆ. ಕೊಕ್ಕಿನಿಂದ ಬಾಲದ ತುದಿಗೆ ಸುಮಾರು 20 ಸೆಂಟಿಮೀಟರ್. ಕಂದು ಬೆನ್ನು, ಬಿಳಿ ಹೊಟ್ಟೆ, ತಲೆ ಮೇಲೆ ಚೂಪಾದ ಕಪ್ಪು ಜುಟ್ಟು. ಕಣ್ಣಿನ ಹಿಂದೆ ಯಾರೋ ಅವಸರದಲ್ಲಿ ಕುಂಕುಮ ಹಚ್ಚಿದ ಹಾಗೆ ಒಂದು ಕೆಂಪು ಗುರುತು. ಅದಕ್ಕೇ ಪುಸ್ತಕಗಳಲ್ಲಿ ಇದರ ಪೂರ್ತಿ ಹೆಸರು ಕೆಮ್ಮೀಸೆ ಪಿಕಳಾರ. ಮರಿಗಳಿಗೆ ಆ ಕೆಂಪು ಮೀಸೆ ಇರಲ್ಲ, ಬೆಳೆದ ಮೇಲೆ ಬರುತ್ತೆ. ನಮ್ಮ ಕಾಲೇಜು ಹುಡುಗರ ಹಾಗೆ.

ಇನ್ನೊಂದು ಹೆಸರು ನಿಮಗೆಲ್ಲ ಗೊತ್ತು, ಬುಲ್‌ಬುಲ್. ನಮ್ಮ ತಲೆಮಾರಿಗೆ ಅದು 2013ರ ದರ್ಶನ್ ಸಿನಿಮಾ. ಅಪ್ಪ ಅಮ್ಮನ ತಲೆಮಾರಿಗೆ 1972ರ ‘ನಾಗರಹಾವು’, ಅದರಲ್ಲಿ ಜಲೀಲನಾಗಿ ಬಂದ ಅಂಬರೀಷ್. ಡೈಲಾಗ್ ನಾನು ಹೇಳಲ್ಲ, ನೀವೇ ಮನಸ್ಸಲ್ಲಿ ಹೇಳ್ಕೊಂಡಿರ್ತೀರಿ. ತಮಾಷೆ ಏನಪ್ಪಾ ಅಂದ್ರೆ ಪರ್ಷಿಯನ್ ಕವಿಗಳು ಗುಲಾಬಿ ಮುಂದೆ ಕೂರಿಸಿ ಹಾಡಿಸಿದ ಬುಲ್‌ಬುಲ್ ಈ ಹಕ್ಕಿಯೇ ಅಲ್ಲ. ಅದು ನೈಟಿಂಗೇಲ್. ಹೆಸರು ಭಾರತಕ್ಕೆ ಬಂದು ಇಲ್ಲಿನ ಜುಟ್ಟಿನ ಹಕ್ಕಿಗೆ ಅಂಟಿಕೊಂಡಿತು.

ವಿಜ್ಞಾನದ ಹೆಸರಿನ ಕಥೆಯೂ ಹೀಗೇ ಅಡ್ಡಾದಿಡ್ಡಿ. 1758ರಲ್ಲಿ ಸ್ವೀಡನ್‌ನ ಲಿನೇಯಸ್ ಈ ಹಕ್ಕಿಗೆ ಹೆಸರಿಟ್ಟ. ಇಟ್ಟಿದ್ದು ಚೀನಾದ ಹಕ್ಕಿಯನ್ನು ಆಧಾರ ಮಾಡ್ಕೊಂಡು, ಸೇರಿಸಿದ್ದು ಹುಳ-ಹಲ್ಲಿಗಳನ್ನು ಮುಳ್ಳಿಗೆ ಸಿಕ್ಕಿಸಿ ತಿನ್ನೋ ಬೇಟೆ ಹಕ್ಕಿಗಳ ಗುಂಪಿಗೆ. ಗುಂಪು ಆಮೇಲೆ ಬದಲಾಯಿತು. ಆದ್ರೆ ಅವನಿಟ್ಟ ‘ಜೊಕೋಸಸ್’ ಅನ್ನೋ ಪದ ಉಳೀತು. ಲ್ಯಾಟಿನ್‌ನಲ್ಲಿ ಅದರ ಅರ್ಥ ತಮಾಷೆ ಸ್ವಭಾವದ್ದು ಅಂತ. ಅದೊಂದು ಸರಿಯಾಗಿದೆ.

ಇಷ್ಟು ಪರಿಚಯ ಸಾಕು. ನನ್ನ ಪ್ರಶ್ನೆ ಬೇರೆ ಇದೆ. ಈ ಹಕ್ಕಿ ಊರಿನ ಹಕ್ಕಿ ಆಗಿದ್ದು ಹೇಗೆ? ಮಂಡಗದ್ದೆಯ ಬೆಳ್ಳಕ್ಕಿಗಳನ್ನ ನೋಡೋಕೆ ಶಿವಮೊಗ್ಗದಿಂದ 30 ಕಿಲೋಮೀಟರ್ ಬೈಕ್ ಓಡಿಸ್ತೀವಿ. ಪಿಕಳಾರ ನಮ್ಮ ಬಟ್ಟೆ ಒಣಗೋ ತಂತಿ ಮೇಲೆ ಬಂದು ಕೂತ್ಕೊಳ್ಳುತ್ತೆ, ನಾವು ತಿರುಗಿ ನೋಡಲ್ಲ. ನಾನು ಬಿ.ಕಾಂ. ಓದಿದವಳು. ಹಕ್ಕಿಶಾಸ್ತ್ರ ನನಗೆ ಬರಲ್ಲ. ಆದ್ರೆ ಯಾವುದಾದ್ರೂ ಒಂದು ಎಲ್ಲಿ ನೋಡಿದರೂ ಸಿಗುತ್ತೆ ಅಂದ್ರೆ ಅದಕ್ಕೆ ಬಂಡವಾಳ ಹಾಕಿದವರು ಯಾರು ಅಂತ ಕೇಳೋ ಅಭ್ಯಾಸ ಇದೆ.

(ಒಂದು ಸಣ್ಣ ಸಮಾಧಾನ: ಭಾರತದ ಹಕ್ಕಿಗಳ ಬಗ್ಗೆ ಯಾರು ಮಾತಾಡಿದರೂ ಮೊದಲು ಹೇಳೋ ಹೆಸರು ಸಲೀಂ ಅಲಿ. ಅವರೂ ಮುಂಬೈನ ದಾವರ್ಸ್ ಕಾಮರ್ಸ್ ಕಾಲೇಜಿನಲ್ಲಿ ವಾಣಿಜ್ಯ ಕಾನೂನು, ಲೆಕ್ಕಶಾಸ್ತ್ರ ಓದಿದವರು. ಆಮೇಲೆ ಪ್ರಾಣಿಶಾಸ್ತ್ರದ ಕಡೆ ಹೋದರು. 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ್ದು ಅವರೇ. ಅದರ ವರದಿ 1942-43ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಕಂತಾಗಿ ಬಂತು. ಸೋ, ಕಾಮರ್ಸ್‌ನವರು ಹಕ್ಕಿ ಬಗ್ಗೆ ಮಾತಾಡಬಾರದು ಅನ್ನೋರಿಗೆ ಇದೇ ಉತ್ತರ.)

ಬಂಡವಾಳದ ಪ್ರಶ್ನೆಗೆ ಉತ್ತರ ಹುಡುಕೋಕೆ ಭದ್ರಾವತಿಗೆ ಹೋಗೋಣ.

ಭದ್ರಾವತಿಯ ಹಳೇ ಹೆಸರು ಬೆಂಕಿಪುರ. ಕಾರ್ಖಾನೆ ಬಂದ ಮೇಲೆ ಆ ಹೆಸರು ಇಟ್ಟಿದ್ದು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಕಾರ್ಖಾನೆಗಿಂತ ಮೊದಲೇ ಇತ್ತು. ಸರ್ ಎಂ. ವಿಶ್ವೇಶ್ವರಯ್ಯ 1912ರಿಂದ 1918ರ ತನಕ ಮೈಸೂರಿನ ದಿವಾನರು. ಅವರ ಒತ್ತಾಸೆ, ನಾಲ್ವಡಿ ಕೃಷ್ಣರಾಜ ಒಡೆಯರ ಒಪ್ಪಿಗೆ, ಭದ್ರಾ ನದಿಯ ನೀರು, ಕೆಮ್ಮಣ್ಣುಗುಂಡಿಯ ಕೆಂಪು ಅದಿರು. ಎಲ್ಲ ಇತ್ತು, ಒಂದು ಇರಲಿಲ್ಲ. ಕಲ್ಲಿದ್ದಲು. ಕಬ್ಬಿಣದ ಅದಿರನ್ನ ಕರಗಿಸೋಕೆ ಇಂಗಾಲ ಬೇಕೇ ಬೇಕು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲ ಗಣಿ ಇಲ್ಲ. ಬಂಗಾಳ-ಬಿಹಾರದಿಂದ ರೈಲಲ್ಲಿ ತರಿಸಿದ್ರೆ ಲೆಕ್ಕ ಕೂಡಲ್ಲ. ಹಾಗಾದ್ರೆ ಇಂಗಾಲ ಎಲ್ಲಿಂದ? ಸುತ್ತಲಿನ ಕಾಡಿಂದ.

1918ರಲ್ಲಿ ಶುರುವಾದ ಮೈಸೂರು ಐರನ್ ವರ್ಕ್ಸ್ 1923ರಲ್ಲಿ ಬೀಡು ಕಬ್ಬಿಣ ಕೊಡೋಕೆ ಶುರು ಮಾಡಿದ್ದು ಇದ್ದಿಲಿನ ಮೇಲೆ. ಮಲೆನಾಡಿನ ಮರ ಕಡಿದು, ಸಣ್ಣ ಟ್ರಾಂ ಹಳಿಗಳ ಮೇಲೆ ತಂದು, ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡ್ತಿದ್ರು. ಹೊಗೆಯನ್ನೂ ಬಿಡ್ತಿರಲಿಲ್ಲ. ಅದನ್ನ ತಣ್ಣಗೆ ಮಾಡಿ ಮರದ ಆಲ್ಕೋಹಾಲ್, ಅಸಿಟೇಟ್, ಟಾರ್ ತೆಗೆದು ಮಾರ್ತಿದ್ರು. ಕಾಸ್ಟಿಂಗ್ ಪಾಠದಲ್ಲಿ ನಾವು ಓದೋ ಉಪ-ಉತ್ಪನ್ನಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ. ಖರ್ಚಿನ ಕಡೆ ಬರೆಯದೇ ಉಳಿದಿದ್ದು ಕಾಡು. 1950ರ ದಶಕದಲ್ಲಿ ಜೋಗದ ಕರೆಂಟ್‌ನಿಂದ ಓಡೋ ಕುಲುಮೆ ಬರೋ ತನಕ ಇದ್ದಿಲೇ ಆಧಾರ. ಅಂದ್ರೆ ಹತ್ತಿರ ಹತ್ತಿರ ಮೂವತ್ತು ವರ್ಷ.

ಈಗ ಪಿಕಳಾರಕ್ಕೆ ಬನ್ನಿ. ಇದು ದಟ್ಟ ಕಾಡಿನ ಒಳಗಿನ ಹಕ್ಕಿ ಅಲ್ಲವೇ ಅಲ್ಲ. ಕಾಡು ಮುಗಿದು ಬಯಲು ಶುರುವಾಗೋ ಜಾಗ, ಪೊದೆ, ಬೇಲಿ, ತೋಟದ ಅಂಚು, ಇದರ ಜಾಗ. ಗೂಡು ಕಟ್ಟೋದು ಆಳೆತ್ತರದ ಒಳಗೆ, ಒಂದು ಸಣ್ಣ ಬಟ್ಟಲಿನ ಹಾಗೆ. ಎರಡೋ ಮೂರೋ ಮೊಟ್ಟೆ. ಹನ್ನೆರಡು ದಿನದ ಆಸುಪಾಸು ಕಾವು. ತಿನ್ನೋದು ಸಣ್ಣ ಹಣ್ಣು, ಹೂವಿನ ಮಕರಂದ, ಹುಳ-ಹುಪ್ಪಟೆ. ದೊಡ್ಡ ಮರಗಳ ನೆರಳು ಹೋಗಿ ಬಿಸಿಲು ನೆಲಕ್ಕೆ ಬಿದ್ದ ಕಡೆ ಏನು ಬೆಳೆಯುತ್ತೆ? ಪೊದೆ. ಪೊದೆಯಲ್ಲಿ ಏನು ಬಿಡುತ್ತೆ? ಸಣ್ಣ ಹಣ್ಣು. ನನ್ನ ಲೆಕ್ಕದಲ್ಲಿ, ಕಾಡು ಕಡಿದು ಕಬ್ಬಿಣ ಮಾಡಿದ ಕಾಲವೇ ಈ ಹಕ್ಕಿಗೆ ಊರು ಕಟ್ಟಿಕೊಟ್ಟ ಕಾಲವೂ ಹೌದು. ಇದು ಕೇಳೋಕೆ ಹಿತವಾದ ಮಾತಲ್ಲ, ಗೊತ್ತು.

ಆಮೇಲೆ ಕ್ವಾರ್ಟರ್ಸ್. ಕಬ್ಬಿಣದ ಕಾರ್ಖಾನೆ ಸುತ್ತ ನ್ಯೂಟೌನ್ ಬೆಳೀತು. 1930ರ ದಶಕದಲ್ಲಿ ಮೈಸೂರು ಪೇಪರ್ ಮಿಲ್ಸ್ ಬಂದ ಮೇಲೆ ಪೇಪರ್ ಟೌನ್. ಸಾಲು ಮನೆ, ಮುಂದೆ ಒಂದಿಷ್ಟು ಅಂಗಳ, ಹಿಂದೆ ಒಂದಿಷ್ಟು ಹಿತ್ತಲು, ಮಧ್ಯೆ ಗಿಡದ ಬೇಲಿ. ನಮ್ಮ ದೊಡ್ಡಪ್ಪ ಅಂಥದ್ದೇ ಒಂದು ಮನೆಯಲ್ಲಿ ಮೂವತ್ತು ವರ್ಷ ಇದ್ದವರು. ಈಗ ಜನ್ನಾಪುರದಲ್ಲಿ ಸ್ವಂತ ಮನೆ. ಈ ಕಂತಿಗೋಸ್ಕರ ಅವರನ್ನ ಕೂರಿಸಿ ಕೇಳಿದೆ, ದೊಡ್ಡಪ್ಪ, ಬೇಲಿ ಯಾಕೆ, ಗೋಡೆ ಯಾಕೆ ಕಟ್ಟಲಿಲ್ಲ?

“ಗೋಡೆಗೆ ದುಡ್ಡು ಕೊಡೋರು ಯಾರೇ ಮಾರಾಯ್ತಿ? ಮನೆ ನಮ್ಮದಲ್ಲ. ರಿಟೈರ್ ಆದ ದಿನ ಕೀ ಕೊಟ್ಟು ಬರಬೇಕು. ಗಿಡ ಆದ್ರೆ ಪಕ್ಕದ ಮನೆಯಿಂದ ಒಂದು ರೆಂಬೆ ಕಿತ್ಕೊಂಡು ಬಂದು ನೆಟ್ಟರೆ ಆಯ್ತು. ನಿಮ್ಮ ದೊಡ್ಡಮ್ಮ ದಾಸವಾಳ ನೆಟ್ಟಿದ್ದು. ಪಕ್ಕದವರದ್ದು ಡುರಾಂಟ. ಅವರ ಹಣ್ಣು ತಿಂದು ಹಕ್ಕಿ ನಮ್ಮ ತಂತಿ ಮೇಲೆ ಕೂತು ಹೇತ್ರೆ, ಒಗೆದ ಯೂನಿಫಾರಂ ಮತ್ತೆ ಒಗೀಬೇಕಿತ್ತು.”

ದೊಡ್ಡಪ್ಪನ ಆ ಕೊನೆಯ ಮಾತನ್ನ ಎಡಿಟ್‌ನಲ್ಲಿ ತೆಗೆಯಬೇಕು ಅಂತಿದ್ದೆ. ಆಮೇಲೆ ಅನ್ನಿಸಿತು, ಇಡೀ ಕಥೆ ಅದರಲ್ಲೇ ಇದೆ. ಪಿಕಳಾರ ಹಣ್ಣು ನುಂಗುತ್ತೆ, ಬೀಜ ಬೇರೆ ಕಡೆ ಬೀಳಿಸುತ್ತೆ, ಅಲ್ಲಿ ಇನ್ನೊಂದು ಪೊದೆ ಏಳುತ್ತೆ. ತನ್ನ ಮುಂದಿನ ತಲೆಮಾರಿನ ಮನೆಯನ್ನ ತಾನೇ ಬಿತ್ತುತ್ತೆ. ಬಡ್ಡಿ ಮೇಲೆ ಬಡ್ಡಿ.

ಆ ಹಿತ್ತಲಲ್ಲಿ ಬೆಳೆದಿದ್ದು ಏನೇನು ಅಂತ ದೊಡ್ಡಪ್ಪನ ಹತ್ರ ಪಟ್ಟಿ ಬರೆಸಿಕೊಂಡೆ. ಪರಂಗಿ, ಪೇರಲೆ, ಗಸಗಸೆ ಹಣ್ಣಿನ ಮರ, ಡುರಾಂಟ, ಕಾಗದದ ಹೂವು, ರಸ್ತೆ ಆಚೆ ಲಂಟಾನ. ಇಷ್ಟರಲ್ಲಿ ಒಂದೂ ನಮ್ಮ ದೇಶದ್ದಲ್ಲ. ಅಷ್ಟೂ ಅಮೆರಿಕ ಖಂಡದ ಬಿಸಿ ಪ್ರದೇಶದಿಂದ ಬಂದವು. ಪರಂಗಿ ಹಣ್ಣಿನ ಹೆಸರಲ್ಲೇ ಪಾಸ್‌ಪೋರ್ಟ್ ಇದೆ, ಪರಂಗಿ ಅಂದ್ರೆ ಫಿರಂಗಿ, ಪರದೇಶದವರು. ಪೋರ್ಚುಗೀಸರ ಕಾಲದಲ್ಲಿ ಸಮುದ್ರ ದಾಟಿ ಬಂದ ಹಣ್ಣು. ಲಂಟಾನ ಇನ್ನೂ ತಡವಾಗಿ, 19ನೇ ಶತಮಾನದ ಆರಂಭದಲ್ಲಿ, ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂತು. ಹೂವು ಚಂದ ಅಂತ ಬೇಲಿಗೆ ಹಾಕಿದರು. ಬೇಲಿ ದಾಟಿ ಕಾಡಿಗೆ ನುಗ್ಗಿತು. ಭದ್ರಾ ಅಭಯಾರಣ್ಯಕ್ಕೆ ಹೋದವರು ನೋಡಿರ್ತೀರಿ, ಇವತ್ತು ಕಿತ್ತಷ್ಟೂ ಮುಗಿಯಲ್ಲ. ಅದರ ಕಪ್ಪು ಹಣ್ಣು ತಿಂದು ಬೀಜ ಹರಡಿದವರಲ್ಲಿ ನಮ್ಮ ಜುಟ್ಟಿನ ನಾಯಕ ಒಬ್ಬ ಮುಖ್ಯ ಏಜೆಂಟ್.

ಅಂದ್ರೆ ಪಿಕಳಾರ ಸ್ಥಳೀಯ, ಊಟ ಮಾತ್ರ ಇಂಪೋರ್ಟೆಡ್.

ಇದು ನನ್ನ ಕಲ್ಪನೆ ಅಲ್ಲ ಅನ್ನೋಕೆ ದೂರದ ಒಂದು ಊರಿನ ಕಥೆ ಹೇಳ್ತೀನಿ. ಅಮೆರಿಕದ ಫ್ಲಾರಿಡಾ ರಾಜ್ಯ, ಮಯಾಮಿ ನಗರದ ಹೊರವಲಯ, ಕೆಂಡಾಲ್ ಅನ್ನೋ ಬಡಾವಣೆ. 1960ರಲ್ಲಿ ಅಲ್ಲಿ ಹಕ್ಕಿ ಮಾರೋ ಫಾರ್ಮ್‌ನಿಂದ ಕೆಲವೇ ಕೆಲವು ಕೆಮ್ಮೀಸೆ ಪಿಕಳಾರಗಳು ತಪ್ಪಿಸಿಕೊಂಡವು. ಹತ್ತೇ ವರ್ಷದಲ್ಲಿ ನೂರಾರು ಆದವು. ಆ ಊರಿನ ಪಕ್ಕದಲ್ಲೇ ಎವರ್‌ಗ್ಲೇಡ್ಸ್ ಅನ್ನೋ ಲಕ್ಷಾಂತರ ಎಕರೆಯ ಕಾಡು-ಜೌಗು ಇದೆ. ಪಿಕಳಾರ ಆ ಕಡೆ ತಲೆ ಹಾಕಲಿಲ್ಲ. ಜನ ಗಿಡ ನೆಟ್ಟ ಅಂಗಳಗಳಲ್ಲೇ ಉಳೀತು. ಅಲ್ಲಿ ಅದು ತಿಂತಿದ್ದಿದ್ದು ಸಹ ಬಹುಪಾಲು ಹೊರಗಿನಿಂದ ತಂದು ನೆಟ್ಟ ಗಿಡಗಳ ಹಣ್ಣು, ಲಂಟಾನ ಸೇರಿ. ಅರುವತ್ತು ವರ್ಷ ಆದ ಮೇಲೂ ಆ ಬಡಾವಣೆಗಳನ್ನ ಬಿಟ್ಟು ಅದು ದೂರ ಹೋಗಿಲ್ಲ. ಈ ಹಕ್ಕಿಗೆ ಬೇಕಾಗಿರೋದು ಕಾಡಲ್ಲ, ಯಾರೋ ಕೈಯಾರೆ ನೆಟ್ಟ ಅಂಗಳ.

ಪ್ರಪಂಚ ಸುತ್ತಿದ್ದು ಅದೊಂದೇ ಸಲ ಅಲ್ಲ. 1880ರ ಸುಮಾರಿಗೆ ಆಸ್ಟ್ರೇಲಿಯಾದ ಸಿಡ್ನಿಗೆ ಹೋಯ್ತು, ಬ್ರಿಟಿಷರ ತೋಟಕ್ಕೆ ಶೋಭೆ ಅಂತ. ಈಗ ಅಲ್ಲಿ ಹಣ್ಣಿನ ತೋಟದವರು ಶಾಪ ಹಾಕ್ತಾರೆ. 1890ರ ದಶಕದಲ್ಲಿ ಮಾರಿಷಸ್‌ಗೆ. 1960ರ ದಶಕದಲ್ಲಿ ಹವಾಯಿಗೆ. ಮಾರಿಷಸ್‌ನಲ್ಲಿ ಈಗ ಎಲ್ಲಿ ನೋಡಿದರೂ ಇದೇ. ಆ ದ್ವೀಪದ್ದೇ ಆದ ಒಂದು ಪಿಕಳಾರ ಜಾತಿ ಮಾತ್ರ ಉಳಿದ ಕಾಡಿನ ತುಣುಕುಗಳಲ್ಲಿ ಅಪರೂಪವಾಗಿ ಕೂತಿದೆ. ಸಾಗಿಸಿದ ಸರಕು ಗೆದ್ದಿತು ಅನ್ನೋಣ ಬಿಡಿ.

ಸಾಗಿಸಿದ್ದು ಯಾಕೆ? ಪಂಜರಕ್ಕೆ. ಇದರ ಕೂಗಿಗೆ ಮಾರ್ಕೆಟ್ ಇದೆ. ದಕ್ಷಿಣ ಥಾಯ್ಲೆಂಡ್‌ನಲ್ಲಿ ಇವತ್ತಿಗೂ ಕೆಮ್ಮೀಸೆ ಪಿಕಳಾರದ ಹಾಡಿನ ಸ್ಪರ್ಧೆ ನಡೆಯುತ್ತೆ. ಸಾಲಾಗಿ ಕೆತ್ತನೆಯ ಪಂಜರ ತೂಗುಹಾಕ್ತಾರೆ, ತೀರ್ಪುಗಾರರು ಒಂದೊಂದರ ಮುಂದೆ ನಿಂತು ಎಷ್ಟು ಸಲ ಕೂಗಿತು ಅಂತ ಬರ್ಕೊಳ್ತಾರೆ. ಗೆಲ್ಲೋ ಹಕ್ಕಿಗೆ ಒಳ್ಳೆ ಸೆಕೆಂಡ್ ಹ್ಯಾಂಡ್ ಕಾರಿನ ಬೆಲೆ ಬಂದರೂ ಅಲ್ಲಿನವರು ಹುಬ್ಬೇರಿಸಲ್ಲ. ಬೇಡಿಕೆಗೆ ತಕ್ಕ ಪೂರೈಕೆ ಎಲ್ಲಿಂದ? ಮರದಿಂದ. ಹಿಡಿದು ಹಿಡಿದು ಮಲಯ ಪರ್ಯಾಯ ದ್ವೀಪದಲ್ಲಿ ಕಾಡಲ್ಲಿ ಹಾರೋ ಕೆಮ್ಮೀಸೆ ಪಿಕಳಾರ ಹೆಚ್ಚುಕಡಿಮೆ ಇಲ್ಲವಾಗಿದೆ. ಒಂದು ಕಡೆ ಪೀಡೆ ಅಂತ ಬೈಸಿಕೊಳ್ಳೋ ಅದೇ ಹಕ್ಕಿ ಇನ್ನೊಂದು ಕಡೆ ಬೀಗ ಹಾಕಿಸ್ಕೊಂಡು ಕೂತಿದೆ.

ನಮ್ಮಲ್ಲೂ ಹಿಡೀತಿರಲಿಲ್ಲ ಅಂತಲ್ಲ. ಹಾಡಿಗಿಂತ ಜಾಸ್ತಿ ಜಗಳಕ್ಕೆ. ಇದರ ಸೋದರ ಜಾತಿ ಇದೆ, ಮೀಸೆ ಇಲ್ಲದ್ದು, ಬಾಲದ ಬುಡ ಮಾತ್ರ ಕೆಂಪು. ಅದನ್ನ ಅಸ್ಸಾಂನ ಹಾಜೋ ಊರಿನ ಹಯಗ್ರೀವ ಮಾಧವ ದೇವಸ್ಥಾನದಲ್ಲಿ ಮಾಘ ಬಿಹು ಹಬ್ಬಕ್ಕೆ ಕೋಳಿ ಅಂಕದ ಹಾಗೆ ಕಾದಾಡಿಸ್ತಿದ್ದರು. 2024ರ ಡಿಸೆಂಬರ್‌ನಲ್ಲಿ ಗುವಾಹಟಿ ಹೈಕೋರ್ಟ್ ಅದಕ್ಕೆ ಅವಕಾಶ ಕೊಟ್ಟಿದ್ದ ಸರ್ಕಾರಿ ನಿಯಮಾವಳಿಯನ್ನ ರದ್ದು ಮಾಡಿತು. ಕಾನೂನು ಸ್ಪಷ್ಟ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಪಿಕಳಾರಗಳಿಗೆ ರಕ್ಷಣೆ ಇದೆ. ಹಿಡಿಯೋದು, ಮಾರೋದು, ಪಂಜರದಲ್ಲಿ ಇಡೋದು, ಮೂರೂ ಅಪರಾಧ. ಇನ್‌ಸ್ಟಾದಲ್ಲಿ ಯಾರಾದ್ರೂ ಪಂಜರದ ಪಿಕಳಾರದ ರೀಲ್ ಹಾಕಿದ್ರೆ ಹಾರ್ಟ್ ಒತ್ತೋ ಮೊದಲು ಇದು ನೆನಪಿರಲಿ.

ಆದ್ರೆ ನಮ್ಮ ಜಿಲ್ಲೆಯ ಪಿಕಳಾರಕ್ಕೆ ಅಪಾಯ ಪಂಜರದಿಂದ ಬರಲ್ಲ. ಅದನ್ನ ಹೇಳೋಕೆ ಎರಡು ತಾರೀಕು ಬೇಕು, ಎರಡೂ 2023ರವು.

ಮೊದಲನೆಯದು ಜನವರಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಈಗಿನ ಹೆಸರು ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆ, ವಿಐಎಸ್‌ಎಲ್. 1998ರಿಂದ ಪೂರ್ತಿಯಾಗಿ ಕೇಂದ್ರ ಸರ್ಕಾರದ ಸೈಲ್ ಕಂಪನಿಯ ಒಳಗಿದೆ. ಮಾರೋಕೆ ಪ್ರಯತ್ನ ಆಯ್ತು, ಕೊಳ್ಳೋರು ಬರಲಿಲ್ಲ. 2023ರ ಜನವರಿಯಲ್ಲಿ ಮುಚ್ಚೋ ತೀರ್ಮಾನ ಹೊರಬಿತ್ತು. ಬೀಡು ಕಬ್ಬಿಣ ಮೊದಲು ಹರಿದಿದ್ದು 1923ರಲ್ಲಿ. ನೂರು ವರ್ಷ ತುಂಬೋ ಹೊತ್ತಿಗೆ ಬಂದಿದ್ದು ಈ ಸುದ್ದಿ. ಗುತ್ತಿಗೆ ಕಾರ್ಮಿಕರು ಗೇಟ್ ಮುಂದೆ ಕೂತರು, ದಿನ ಅಲ್ಲ, ತಿಂಗಳುಗಟ್ಟಲೆ. ಅದೇ ವರ್ಷ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ಓಡೋಕೆ ಶುರುವಾಯಿತು. ನವೆಂಬರ್‌ನಲ್ಲಿ ಶತಮಾನೋತ್ಸವವೂ ನಡೆಯಿತು. ಸಿನಿಮಾಕ್ಕೆ ಬರೋ ಮೊದಲು ಇದೇ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ನಟ ದೊಡ್ಡಣ್ಣ ಅದರ ಮುಂದಾಳು. ಪೇಪರ್ ಮಿಲ್ ಅದಕ್ಕೂ ಮೊದಲೇ, 2015-16ರ ಹೊತ್ತಿಗೆ ಉತ್ಪಾದನೆ ನಿಲ್ಲಿಸಿತ್ತು.

ಎರಡನೆಯ ತಾರೀಕು ಫೆಬ್ರವರಿ 27. ಆವತ್ತು ಸೋಗಾನೆಯಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣ ಉದ್ಘಾಟನೆ ಆಯ್ತು. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ 20 ಕಿಲೋಮೀಟರ್ ಇಲ್ಲ ಅನ್ನಿ. ಒಂದೂರಲ್ಲಿ ಕುಲುಮೆ ತಣ್ಣಗಾಗೋ ಸುದ್ದಿ, ಪಕ್ಕದೂರಲ್ಲಿ ವಿಮಾನ ಇಳಿಯೋ ಸುದ್ದಿ, ಮಧ್ಯೆ ಒಂದು ತಿಂಗಳು ಚಿಲ್ಲರೆ ಅಂತರ.

ಈ ಎರಡು ಊರುಗಳ ನಡುವೆ ನಾನು ಆರು ತಿಂಗಳು ಬಸ್ಸಲ್ಲಿ ಓಡಾಡಿದೆ, ಬೆಳಗ್ಗೆ ಹೊತ್ತು. ಇಳಿದು ನಡೆಯೋದು, ನಿಲ್ಲೋದು, ಕೇಳೋದು. ಎಣಿಸೋಕೆ ಹೋಗಿ ಬಿಟ್ಟುಬಿಟ್ಟೆ, ಇವು ಒಂದು ಕಡೆ ನಿಲ್ಲಲ್ಲ. ಆದ್ರೆ ಕಿವಿಗೇ ವ್ಯತ್ಯಾಸ ಗೊತ್ತಾಗುತ್ತೆ.

ಶಿವಮೊಗ್ಗದಲ್ಲಿ ಹಳೇ ಬಡಾವಣೆಗಳಲ್ಲಿ ಪಿಕಳಾರ ಚೆನ್ನಾಗಿದೆ. ವಿನೋಬನಗರದ ಒಳರಸ್ತೆಗಳು, ರವೀಂದ್ರನಗರ, ತುಂಗೆಯ ದಡದ ಕಡೆ. ಅಲ್ಲಿ ಇನ್ನೂ ಅಂಗಳ ಅನ್ನೋದು ಇದೆ, ಪೇರಲೆ ಮರ ಇದೆ. ಹೊಸ ಲೇಔಟ್‌ಗಳಿಗೆ ಬನ್ನಿ. 30 ಅಡಿ, 40 ಅಡಿ ಸೈಟ್, ಅಂಚಿಂದ ಅಂಚಿಗೆ ಮನೆ, ಕಾಂಪೌಂಡ್‌ಗೆ ಗ್ರಾನೈಟ್, ಅಂಗಳಕ್ಕೆ ಪಾರ್ಕಿಂಗ್ ಟೈಲ್ಸ್. ಗಿಡ ಇದ್ದರೆ ಕುಂಡದಲ್ಲಿ. ಕುಂಡದಲ್ಲೂ ಹಣ್ಣು ಬಿಡದ ಗಿಡ, ಯಾಕಂದ್ರೆ ಹಣ್ಣು ಬಿದ್ದರೆ ಟೈಲ್ಸ್ ಕಲೆ. ಅಲ್ಲಿ ಪಾರಿವಾಳ ಇದೆ, ಕಾಗೆ ಇದೆ. ಪಿಕಳಾರ ಕರೆಂಟ್ ತಂತಿ ಮೇಲೆ ಒಂದು ನಿಮಿಷ ಕೂತು, ಎರಡು ಸಲ ಕೂಗಿ ಮುಂದಕ್ಕೆ ಹೋಗುತ್ತೆ. ಕೆಟ್ಟ ಹೋಟೆಲ್ ಮುಂದೆ ಮೆನು ನೋಡಿ ಹೊರಟ ಗಿರಾಕಿ ಥರ.

ಭದ್ರಾವತಿಯ ಪೇಪರ್ ಟೌನ್‌ನಲ್ಲಿ? ಅಲ್ಲಿ ಖಾಲಿ ಬಿದ್ದ ಕ್ವಾರ್ಟರ್ಸ್‌ಗಳ ಬೇಲಿ ಯಾರೂ ಕತ್ತರಿಸಲ್ಲ. ದಾಸವಾಳ ಛಾವಣಿ ಮುಟ್ಟಿದೆ. ಪರಂಗಿ ತಾನೇ ಬಿದ್ದು ತಾನೇ ಎದ್ದಿದೆ. ಹಣ್ಣಾದ್ದನ್ನ ಕೀಳೋರು ಇಲ್ಲ. ಲಂಟಾನ ರಸ್ತೆ ಆಚೆಯಿಂದ ಈಚೆಗೆ ಬಂದಿದೆ. ಆ ಪೊದೆಗಳ ಒಳಗಿಂದ ಬರೋ ಗದ್ದಲ ಕೇಳಬೇಕು ನೀವು. ಈ ಕಂತಿನ ಶುರುವಿನ ಕೂಗನ್ನ ನ್ಯೂಟೌನ್‌ನಲ್ಲಿ ತೆಗೆಯೋಕೆ ಮುಖ್ಯ ಕಾರಣವೇ ಅದು, ಪೇಪರ್ ಟೌನ್‌ನಲ್ಲಿ ಒಂದೇ ಹಕ್ಕಿಯ ದನಿ ಬೇರೆ ಮಾಡೋಕೆ ಆಗಲಿಲ್ಲ.

ಇಲ್ಲಿ ನನ್ನ ಕಾಮರ್ಸ್ ತಲೆ ಗೊಂದಲಕ್ಕೆ ಬಿತ್ತು. ನಮ್ಮ ಪುಸ್ತಕದಲ್ಲಿ ನಷ್ಟ ಅಂತ ಬರೆದಿದ್ದೆಲ್ಲ ಈ ಹಕ್ಕಿಯ ಪುಸ್ತಕದಲ್ಲಿ ಲಾಭ. ಕಾಡು ಹೋಯ್ತು, ಅದಕ್ಕೆ ಅಂಚು ಸಿಕ್ಕಿತು. ಕೆಲಸ ಹೋಯ್ತು, ಜನ ಮನೆ ಬಿಟ್ಟರು, ಅದಕ್ಕೆ ಪೊದೆ ಸಿಕ್ಕಿತು. ಊರು ಬೆಳೀತು, ಅದಕ್ಕೆ ಮಾತ್ರ ಜಾಗ ಹೋಯ್ತು. ಸಾಮಾನ್ಯವಾಗಿ ಪರಿಸರದ ಬಗ್ಗೆ ಮಾತಾಡೋ ವಿಡಿಯೋಗಳಲ್ಲಿ ಹಕ್ಕಿ ಜಾಸ್ತಿ ಆಯ್ತು ಅಂದ್ರೆ ಚಪ್ಪಾಳೆ. ಪೇಪರ್ ಟೌನ್‌ನ ಆ ಪೊದೆ ಮುಂದೆ ನಿಂತು ಚಪ್ಪಾಳೆ ಹೊಡೆಯೋಕೆ ನನ್ನ ಕೈ ಏಳಲಿಲ್ಲ. ಅಲ್ಲಿ ಸಂಬಳ ಬರ್ತಿದ್ದ ಮನೆಗಳ ಮಕ್ಕಳು ನನ್ನ ಜೊತೆ ಓದಿದವರು. ಈಗ ಬೆಂಗಳೂರಲ್ಲಿ ಪಿಜಿಯಲ್ಲಿದ್ದಾರೆ.

ಇನ್ನೊಂದು ವಿಷಯ ಹೇಳದಿದ್ದರೆ ಲೆಕ್ಕ ತಪ್ಪಾಗುತ್ತೆ. ಪಿಕಳಾರಗಳಲ್ಲಿ ಎಲ್ಲವೂ ಊರಿಗೆ ಒಗ್ಗೋ ಜಾತಿ ಅಲ್ಲ. ಆಗುಂಬೆ ಕಡೆಯ ಮಳೆಕಾಡಿನಲ್ಲಿ ಬೂದು ತಲೆಯ ಪಿಕಳಾರ ಅಂತ ಒಂದಿದೆ. ಹಸಿರು ಮೈ, ಜುಟ್ಟಿಲ್ಲ, ದನಿಯೂ ಸಣ್ಣ. ಇಡೀ ಪ್ರಪಂಚದಲ್ಲಿ ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅದಕ್ಕೆ ಒದ್ದೆ ಕಾಡಿನ ಒಳಗಿನ ನೆರಳೇ ಬೇಕು. ಡುರಾಂಟ ಬೇಲಿ ಕೊಟ್ಟು, ಪರಂಗಿ ಹಣ್ಣು ಕೊಟ್ಟು ಕರೆದರೂ ವಿನೋಬನಗರಕ್ಕೆ ಬರಲ್ಲ. ನಮ್ಮ ತಂತಿ ಮೇಲಿನ ಪಿಕಳಾರ ಚಾಲ್ತಿ ಖಾತೆ ಇದ್ದ ಹಾಗೆ, ದಿನಾ ಕಣ್ಣಿಗೆ ಕಾಣುತ್ತೆ, ತುಂಬಿರುತ್ತೆ. ಆಗುಂಬೆಯದ್ದು ಅಜ್ಜ ಇಟ್ಟ ಠೇವಣಿ. ತೆಗೆದರೆ ತಿರುಗಿ ಕಟ್ಟೋಕೆ ಆಗಲ್ಲ. ಪೂರ್ಣಚಂದ್ರ ತೇಜಸ್ವಿ ಅವರ ‘ಹಕ್ಕಿ ಪುಕ್ಕ’ ಓದಿದವರಿಗೆ ಇದೇನೂ ಹೊಸದಲ್ಲ. ಕುಪ್ಪಳಿಯ ಆ ಮನೆಯಿಂದ ಬಂದವರು ಕಾಡನ್ನ ಹತ್ತಿರದಿಂದ ಬಲ್ಲವರು. ನಮ್ಮಂಥ ಪೇಟೆಯವರಿಗೆ ಹೇಳಬೇಕು, ಹಿತ್ತಲಲ್ಲಿ ಹಕ್ಕಿ ಕೂಗ್ತಿದೆ ಅಂದ ಮಾತ್ರಕ್ಕೆ ಕಾಡಿನ ಖಾತೆಯಲ್ಲಿ ದುಡ್ಡಿದೆ ಅಂತ ಅರ್ಥ ಅಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಊರಿನ ಪಿಕಳಾರದ ಪರ ಒಂದು ಮಾತು ಆಡ್ತೀನಿ. ಇದಕ್ಕೆ ಬೇಕಾಗಿರೋದು ತೀರಾ ಕಡಿಮೆ. ಕಾಂಪೌಂಡ್ ಒಳಗೆ ಎರಡಡಿ ಮಣ್ಣು, ಒಂದು ದಾಸವಾಳ, ಹಣ್ಣು ಬಿಡೋ ಒಂದು ಗಿಡ. ದಕ್ಷಿಣ ಭಾರತದಲ್ಲಿ ಇದು ಹೆಚ್ಚಾಗಿ ಗೂಡು ಕಟ್ಟೋದು ಡಿಸೆಂಬರ್‌ನಿಂದ ಮೇ ತನಕ. ನಾವು ಬೇಲಿ ಕತ್ತರಿಸೋದೂ ಅದೇ ಟೈಮಲ್ಲಿ, ಯುಗಾದಿ ಮುಂಚೆ ಮನೆ ಚೊಕ್ಕ ಮಾಡೋಕೆ. ಗಿಡದ ಒಳಗೆ ಒಂದು ಸಲ ಕೈಯಿಟ್ಟು ನೋಡಿ, ಬಟ್ಟಲಿನಂಥದ್ದು ಏನಾದ್ರೂ ಸಿಕ್ಕಿದರೆ ಕತ್ತರಿಯನ್ನ ಒಂದು ತಿಂಗಳು ಒಳಗಿಡಿ. ಅಷ್ಟೇ ಖರ್ಚು.

ದೊಡ್ಡಪ್ಪನನ್ನ ಅವರ ಹಳೇ ಕ್ವಾರ್ಟರ್ಸ್ ನೋಡೋಕೆ ಕರ್ಕೊಂಡು ಹೋಗಿದ್ದೆ. ಸ್ಕೂಟಿಯಲ್ಲಿ, ಹಿಂದೆ ಕೂರಿಸ್ಕೊಂಡು. ಮನೆ ಖಾಲಿ ಇತ್ತು. ಕಿಟಕಿ ಬಾಗಿಲು ಒಂದು ಇಲ್ಲ. ದೊಡ್ಡಮ್ಮ ನೆಟ್ಟ ದಾಸವಾಳದ ಬೇಲಿ ಈಗ ನನಗಿಂತ ಎತ್ತರ, ಅರ್ಧ ಬಾಗಿಲು ಮುಚ್ಚಿದೆ. ಅದರ ಒಳಗೆ ಒಂದು ಪಿಕಳಾರ ತೆಂಗಿನ ನಾರು ಕಚ್ಚಿಕೊಂಡು ನುಗ್ಗಿತು. ಹಿಂದೆಯೇ ಇನ್ನೊಂದು. ನಾನು ಮೊಬೈಲ್ ತೆಗೆದು ದೊಡ್ಡಪ್ಪ, ನೋಡಿ ನೋಡಿ ಅಂದೆ.

ಅವರು ಹಕ್ಕಿ ನೋಡಲಿಲ್ಲ. ಕನ್ನಡಕ ಒರೆಸ್ಕೊಂಡು, ಎಲೆಗಳನ್ನ ಪಕ್ಕಕ್ಕೆ ಸರಿಸಿ, ಗೋಡೆ ಮೇಲೆ ಮಾಸಿಹೋದ ಮನೆ ನಂಬರ್ ಓದೋಕೆ ಪ್ರಯತ್ನ ಮಾಡ್ತಿದ್ದರು.